ಮಗು ಬೇಕೆಂದುಕೊಂಡವರು ಡಾಕ್ಟರ ಬಳಿ ಯಾವಾಗ ಬರಬೇಕು?

ತಾಲ್ಲೂಕು ಊರೊಂದರಲ್ಲಿ ಸ್ತ್ರೀರೋಗ ತಜ್ಞೆಯಾಗಿರುವ ನನಗೆ ಕ್ಲಿನಿಕ್ಕಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ತರಕಾರಿ ಅಂಗಡಿಯ ಮುಂದೆ ಕೂಡ ಎದುರಾಗುವ ಪ್ರಶ್ನೆಯೊಂದಿದೆ: “ಹುಡುಗ, ಸೊಸೆ ಈ ವರ್ಷ ಮಗು ಮಾಡ್ಕೊಳ್ಳೋಣ ಅಂತಿದ್ದಾರೆ ಡಾಕ್ಟ್ರಮ್ಮ, ಸೊಸೇನ ಯಾವಾಗ ಕರ್ಕೊಂಡು ಬರ್ಲಿ?” ಮೂರು ತಿಂಗಳು ಮೊದಲೇ ಬರಲಿ, ಜೊತೆಗೆ ಮಗನನ್ನೂ ಕಳಿಸಿ ಎಂದರೆ ಕೇಳಿದವರ ಮುಖದಲ್ಲಿ ಅನುಮಾನ ಮೂಡುತ್ತದೆ. ಇನ್ನೂ ಏನೂ ಇಲ್ಲವಲ್ಲ, ಈಗಲೇ ಬಂದು ಏನು ತೋರಿಸುವುದು ಎಂಬುದು ಅವರ ಅನುಮಾನ. ಪಂಕ್ತಿಯಲ್ಲಿ ಕುಳಿತು ವಿವರಿಸಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮೇಜಿನ ಮೇಲೆ ದೊಡ್ಡ ಅಂಕಿಗಳ ಒಂದು ಕ್ಯಾಲೆಂಡರ್ ಇದೆ. ಅದರ ಜೂನ್ ತಿಂಗಳ ಹಾಳೆಯನ್ನು ತೆರೆದು ಪೆನ್ಸಿಲಿನಲ್ಲಿ ಗುರುತು ಹಾಕಿ ತೋರಿಸುವುದು ನನ್ನ ರೂಢಿ. ಜೂನ್ 1ಕ್ಕೆ ಮುಟ್ಟಾದ, 28 ದಿನಕ್ಕೊಮ್ಮೆ ಸರಿಯಾಗಿ ಮುಟ್ಟಾಗುವ ಹೆಣ್ಣುಮಗಳಿಗೆ ಅಂಡ ಬಿಡುಗಡೆಯಾಗುವುದು 14ರ ಸುಮಾರಿಗೆ. ಗರ್ಭ ಕಟ್ಟಿದರೆ ಆಗಲೇ ಕಟ್ಟಬೇಕು. ಅವಳಿಗೆ ದಿನ ತಪ್ಪುವುದು ಜೂನ್ 29ಕ್ಕೆ. ಒಂದು ವಾರ ನೋಡೋಣ ಎಂದು ಕಾಯುತ್ತಾಳೆ, ಮೆಡಿಕಲ್ ಶಾಪಿನಿಂದ ಕಿಟ್ ತರಿಸಿ ಪರೀಕ್ಷೆ ಮಾಡಿಕೊಳ್ಳುತ್ತಾಳೆ, ಇಷ್ಟು ಬೇಗ ಯಾರಿಗೂ ಹೇಳಬಾರದೆಂಬ ಮನೆಯ ಹಿರಿಯರ ಮಾತಿಗೆ ಇನ್ನೊಂದು ವಾರ ಸುಮ್ಮನಿರುತ್ತಾಳೆ. ಹೀಗೆ ನನ್ನ ಎದುರಿನ ಕುರ್ಚಿಯಲ್ಲಿ ಅವಳು ಕುಳಿತುಕೊಳ್ಳುವಾಗ ಜುಲೈ 14 ಆಗಿರುತ್ತದೆ. ಮಗುವಿನ ಮೆದುಳು ಮತ್ತು ಬೆನ್ನುಹುರಿ ರೂಪುಗೊಳ್ಳುವ ನರನಾಳವು ಗರ್ಭ ಕಟ್ಟಿದ 28 ದಿನಗಳೊಳಗೆ, ಎಂದರೆ ಜುಲೈ 12ರ ಹೊತ್ತಿಗೆ, ಮುಚ್ಚಿಕೊಂಡಿರುತ್ತದೆ. ಎಲ್ಲಿಯಾದರೂ ಮುಚ್ಚದೆ ಉಳಿದಿದ್ದರೆ ಅದೂ ತೀರ್ಮಾನವಾಗಿಬಿಟ್ಟಿರುತ್ತದೆ. ಆ ದಿನ ನಾನು ಬರೆದುಕೊಡುವ ಫೋಲಿಕ್ ಆಸಿಡ್ ಮಾತ್ರೆ ಬೇರೆ ಕೆಲವಕ್ಕೆ ಉಪಯೋಗವಾದೀತು, ಆದರೆ ನರನಾಳ ಸರಿಯಾಗಿ ಮುಚ್ಚಲು ನೆರವಾಗುವ ಅದರ ಮುಖ್ಯ ಕೆಲಸದ ಗಡುವು ಎರಡು ದಿನಗಳ ಹಿಂದೆಯೇ ಮುಗಿದಿರುತ್ತದೆ.

ಈ ಕಾರಣಕ್ಕೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಅನ್ನು ಗರ್ಭ ನಿಲ್ಲುವ ಮೊದಲೇ, ಕಡಿಮೆಯೆಂದರೆ ಒಂದು ತಿಂಗಳು, ಸಾಧ್ಯವಾದರೆ ಮೂರು ತಿಂಗಳು ಮುಂಚಿನಿಂದ ತೆಗೆದುಕೊಳ್ಳಬೇಕು. ಮೊದಲ ಮಗುವಿಗೆ ನರನಾಳದ ದೋಷವಿದ್ದರೆ, ತಾಯಿಗೆ ಮಧುಮೇಹವಿದ್ದರೆ ಅಥವಾ ಆಕೆ ಮೂರ್ಛೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಾವು ಕೊಡುವ ಪ್ರಮಾಣ ಹೆಚ್ಚು, ಸಾಮಾನ್ಯವಾಗಿ 5 ಮಿಲಿಗ್ರಾಂ. 2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದ ಮಾರ್ಗಸೂಚಿಯಲ್ಲೂ ಗರ್ಭಧಾರಣೆಗೆ ಮೊದಲಿನ ಈ 400 ಮೈಕ್ರೋಗ್ರಾಂ ಮಾತ್ರೆಯ ಸಲಹೆಯಿದೆ. ಆದರೂ ಅದನ್ನು ಕೇಳಿಕೊಂಡು ಬಂದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ನಮ್ಮಲ್ಲಿ ತಾಯಿ ಕಾರ್ಡ್, ಆಶಾ ಕಾರ್ಯಕರ್ತೆಯ ಭೇಟಿ, ಅಂಗನವಾಡಿಯ ಮಾತೃಪೂರ್ಣ ಊಟ, ಪ್ರತಿ ತಿಂಗಳ 9ನೇ ತಾರೀಖಿನ ತಪಾಸಣೆ ಎಲ್ಲವೂ ಇವೆ, ಚೆನ್ನಾಗಿಯೂ ನಡೆಯುತ್ತವೆ, ಆದರೆ ಎಲ್ಲವೂ ಶುರುವಾಗುವುದು ಗರ್ಭ ನಿಂತದ್ದು ಗೊತ್ತಾದ ಮೇಲೆ. ಅದಕ್ಕೂ ಮುಂಚಿನ ಮೂರು ತಿಂಗಳಿಗೆ ಯಾವ ಕಾರ್ಡೂ ಇಲ್ಲ.

ಮೊದಲ ಭೇಟಿಯಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದು ಈಗಾಗಲೇ ನುಂಗುತ್ತಿರುವ ಮಾತ್ರೆಗಳನ್ನು ನೋಡುವುದರಲ್ಲಿ. ಪರಂಗಿ ಹಣ್ಣು ತಿನ್ನಬಹುದೇ, ಎಳ್ಳು ಉಷ್ಣವಲ್ಲವೇ ಎಂದು ಕೇಳದೆ ಹೋಗುವವರು ಅಪರೂಪ. ಬೆಳಿಗ್ಗೆ ನುಂಗುವ ಬಿ.ಪಿ. ಮಾತ್ರೆಯ ಬಗ್ಗೆ ಕೇಳುವವರು ಅದಕ್ಕಿಂತಲೂ ಅಪರೂಪ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಲಾಪ್ರಿಲ್‌ನಂಥ ಬಿ.ಪಿ. ಮಾತ್ರೆಗಳು ಗರ್ಭದಲ್ಲಿರುವ ಮಗುವಿನ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ಅವುಗಳ ಬದಲಿಗೆ ಲೆಬೆಟಲಾಲ್, ನಿಫೆಡಿಪಿನ್, ಮಿಥೈಲ್‌ಡೋಪಾದಂಥ ಔಷಧಗಳಿವೆ. ಮೊಡವೆಗೆಂದು ಕೊಡುವ ಐಸೊಟ್ರೆಟಿನಾಯಿನ್ ಕ್ಯಾಪ್ಸೂಲು ಮಗುವಿನ ಮುಖ, ಕಿವಿ, ಹೃದಯ, ಮೆದುಳಿನ ರಚನೆಯನ್ನೇ ಕೆಡಿಸಬಲ್ಲದಾದ್ದರಿಂದ ಅದನ್ನು ನಿಲ್ಲಿಸಿ ಒಂದು ತಿಂಗಳು ಕಳೆಯುವ ತನಕ ಗರ್ಭ ನಿಲ್ಲಬಾರದು. ಮೂರ್ಛೆಗೆ ಕೊಡುವ ವಾಲ್‌ಪ್ರೊಯೇಟ್ ಕೂಡ ಹೀಗೆಯೇ ಅಪಾಯಕಾರಿ. ಇದನ್ನು ಓದಿ ಯಾರೂ ಇವತ್ತೇ ಮಾತ್ರೆ ಬಿಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಮಾತ್ರೆ ಬಿಟ್ಟು ಬಂದ ಫಿಟ್ಸ್, ಮಾತ್ರೆ ಬಿಟ್ಟು ಏರಿದ ಬಿ.ಪಿ. ತಾಯಿಯ ಜೀವಕ್ಕೇ ಎರವಾಗಬಹುದು. ಬರೆದುಕೊಟ್ಟ ವೈದ್ಯರ ಬಳಿಗೇ ಹೋಗಿ, ಮಗುವಿನ ಯೋಚನೆಯಿದೆ ಎಂದು ಹೇಳಿ ಬದಲಾಯಿಸಿಕೊಳ್ಳಬೇಕು, ಹಾಗೆ ಬದಲಾಯಿಸಿ ಸ್ಥಿರವಾಗಲು ಕೆಲವು ವಾರಗಳಾದರೂ ಬೇಕು.

ಶುಗರ್ ವಿಷಯವೂ ಇದೇ ಲೆಕ್ಕದ್ದು. ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗಿದ್ದರೆ ಒಳ್ಳೆಯದು, 10 ದಾಟಿದ್ದರೆ ಸದ್ಯಕ್ಕೆ ಮಗು ಬೇಡ, ಮೊದಲು ಅದನ್ನು ಇಳಿಸೋಣ ಎನ್ನುತ್ತೇನೆ. ಅಂಗಾಂಗಗಳು ಮೂಡುವ ವಾರಗಳಲ್ಲಿ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಹೃದಯದ ದೋಷ, ಗರ್ಭಪಾತ ಎರಡರ ಸಂಭವವೂ ಹೆಚ್ಚುತ್ತದೆ. ಥೈರಾಯ್ಡ್ ಕೊರತೆಗೆ ಮಾತ್ರೆ ತೆಗೆದುಕೊಳ್ಳುವವರ ಟಿಎಸ್‌ಎಚ್ (ಥೈರಾಯ್ಡ್ ಸ್ಥಿತಿಯನ್ನು ಹೇಳುವ ರಕ್ತಪರೀಕ್ಷೆಯ ಅಂಕಿ) ಮೊದಲೇ 2.5ರೊಳಗೆ ಬಂದಿರಬೇಕು, ಗರ್ಭ ನಿಂತ ಕೂಡಲೇ ಸಾಮಾನ್ಯವಾಗಿ ಪ್ರಮಾಣ ಏರಿಸಬೇಕಾಗುತ್ತದೆ. ರಕ್ತಹೀನತೆಯನ್ನು ಬೇರೆ ಹೇಳಬೇಕಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಅದು ಕಂಡುಬಂದಿತ್ತು.

ರುಬೆಲ್ಲಾ ಲಸಿಕೆಯ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಮಕ್ಕಳಿಗೆ ಬಂದರೆ ಎರಡು ದಿನದ ಜ್ವರ, ಗಂಧೆಯಲ್ಲಿ ಮುಗಿಯುವ ಈ ಸೋಂಕು ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ತಗುಲಿದರೆ ಮಗುವಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ತೊಂದರೆ ಬರಬಹುದೆಂಬುದನ್ನು 1941ರಲ್ಲಿ ಮೊದಲು ಗುರುತಿಸಿದವರು ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್. ನಮ್ಮ ರಾಜ್ಯದಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ನಡೆದದ್ದು 2017ರ ಫೆಬ್ರವರಿಯಲ್ಲಿ, ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ. ಆಗ ಹದಿನೈದು ದಾಟಿದ್ದ ಹುಡುಗಿಯರು ಅದರ ಲೆಕ್ಕಕ್ಕೆ ಬರಲಿಲ್ಲ; ಈಗ ಮದುವೆಯಾಗಿ ನನ್ನ ಮುಂದೆ ಕೂರುವವರಲ್ಲಿ ಬಹಳಷ್ಟು ಮಂದಿ ಅವರೇ. ಚಿಕ್ಕವರಿದ್ದಾಗ ಖಾಸಗಿಯಾಗಿ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ) ಹಾಕಿಸಿದ ದಾಖಲೆಯಿಲ್ಲದಿದ್ದರೆ ರಕ್ತಪರೀಕ್ಷೆ ಮಾಡಿಸಿ, ರಕ್ಷಣೆಯಿಲ್ಲದವರಿಗೆ ಲಸಿಕೆ ಕೊಡುತ್ತೇವೆ. ಇದನ್ನು ಗರ್ಭಿಣಿಗೆ ಕೊಡುವಂತಿಲ್ಲ, ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು, ಆದ್ದರಿಂದ ಗರ್ಭ ನಿಂತ ಮೇಲೆ ಬಂದವರಿಗೆ ಹೆರಿಗೆಯಾಗುವವರೆಗೆ ಜೋಪಾನವಾಗಿರಿ ಎಂದು ಹೇಳುವುದಷ್ಟೇ ನನ್ನ ಕೈಯಲ್ಲಿ ಉಳಿಯುತ್ತದೆ.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರು ನಮ್ಮ ಕಡೆ ಕಡಿಮೆಯಿಲ್ಲ, ಇದನ್ನು ಹೇಳಲು ಅವರು ಹಿಂಜರಿಯಲೂಬಾರದು, ನಾನು ಬೈಯುವುದೂ ಇಲ್ಲ. ಯಾವ ದಂಪತಿಯ ಮಗುವಿಗಾದರೂ ಹುಟ್ಟುದೋಷವಿರುವ ಸಂಭವ ನೂರಕ್ಕೆ ಎರಡು-ಮೂರರಷ್ಟಿದ್ದರೆ ಅತ್ತೆ-ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಅದು ಸುಮಾರು ಇಮ್ಮಡಿ. ಹಾಗಿದ್ದೂ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಮನೆತನದಲ್ಲಿ ಕಿವುಡು ಮಕ್ಕಳು, ಕಾರಣ ತಿಳಿಯದೆ ತೀರಿಕೊಂಡ ಹಸುಗೂಸುಗಳು ಇದ್ದರೆ ಅದನ್ನು ಹೇಳಬೇಕು. ಸಂಬಂಧದಲ್ಲಿ ಮದುವೆಯಾಗಿರಲಿ, ಆಗದಿರಲಿ, ಹಿಮೋಗ್ಲೋಬಿನ್ನಿನ ಬಗೆಯನ್ನು ತಿಳಿಸುವ ಎಚ್‌ಪಿಎಲ್‌ಸಿ ಎಂಬ ರಕ್ತಪರೀಕ್ಷೆಯನ್ನು ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆ ಥಲಸ್ಸೀಮಿಯಾ; ಅದರ ವಾಹಕರು, ಎಂದರೆ ಅದನ್ನು ಮಕ್ಕಳಿಗೆ ದಾಟಿಸಬಲ್ಲವರು, ನೋಡಲು ಆರೋಗ್ಯವಾಗಿಯೇ ಇರುತ್ತಾರೆ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದರಷ್ಟು, ಹುಟ್ಟಿದ ಮಗುವಿಗೆ ತೀವ್ರ ರೂಪದ ಕಾಯಿಲೆಯಿದ್ದರೆ ಕೆಲವು ವಾರಗಳಿಗೊಮ್ಮೆ ರಕ್ತ ಹಾಕಿಸುತ್ತಲೇ ಇರಬೇಕು. ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಕಾಣುವ, ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆಯ ವಾಹಕರನ್ನೂ ಇದೇ ಪರೀಕ್ಷೆ ಹಿಡಿದುಕೊಡುತ್ತದೆ.

ಇನ್ನು ಗಂಡಸರು. ಅವರು ಹೆಲ್ಮೆಟ್ ಕೈಯಲ್ಲಿ ಹಿಡಿದು ಹೊರಗಿನ ಬೆಂಚಿನಲ್ಲಿ ಮೊಬೈಲ್ ನೋಡುತ್ತಾ ಕುಳಿತಿರುತ್ತಾರೆ, ಒಳಗೆ ಕರೆದರೆ “ನಂದೇನೂ ಪ್ರಾಬ್ಲಂ ಇಲ್ಲ ಮೇಡಂ” ಎಂದು ಬಾಗಿಲಲ್ಲೇ ಹೇಳುತ್ತಾರೆ. ಕಳೆದ ವರ್ಷ ಹೀಗೆ ಹೇಳಿದ ಯುವಕನೊಬ್ಬನ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಲು ಹೋದೆ, ನಮ್ಮ ಪಟ್ಟಿ ಸುತ್ತಿದರೆ ಸಾಲಲಿಲ್ಲ. ಅಷ್ಟು ಚೆನ್ನಾಗಿ ಬೆಳೆಸಿದ ತೋಳು. ಬಿಡಿಸಿ ಕೇಳಿದಾಗ ಜಿಮ್ಮಿನಲ್ಲಿ ಯಾರೋ ಹೇಳಿದರೆಂದು ಆರು ತಿಂಗಳಿನಿಂದ ಟೆಸ್ಟೋಸ್ಟೆರೋನ್ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದನೆಂದು ತಿಳಿಯಿತು. ಗಂಡಸುತನದ ಹಾರ್ಮೋನು ತಾನೇ, ಮಗುವಾಗುವುದಕ್ಕೆ ಒಳ್ಳೆಯದೇ ಅಲ್ಲವೇ ಎಂಬುದು ಅವನ ತಿಳಿವಳಿಕೆ. ಆಗುವುದು ಇದಕ್ಕೆ ತದ್ವಿರುದ್ಧ: ಹೊರಗಿನಿಂದ ಹಾರ್ಮೋನು ಬರುತ್ತಿದೆಯೆಂದು ಮೆದುಳಿನ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಸೂಚನೆ ಕಳಿಸುವುದನ್ನೇ ನಿಲ್ಲಿಸುತ್ತದೆ, ವೀರ್ಯಾಣುಗಳ ಸಂಖ್ಯೆ ಸೊನ್ನೆಗೂ ಇಳಿಯಬಹುದು. ಅವನದೂ ಇಳಿದಿತ್ತು. ಇಂಜೆಕ್ಷನ್ ಬಿಟ್ಟ ಮೇಲೆ ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿದವು, ಅಷ್ಟರಲ್ಲಿ ಹೆಂಡತಿ ಎರಡು ಕಡೆ ಸ್ಕ್ಯಾನ್ ಮಾಡಿಸಿಕೊಂಡು, ಒಂದು ದೇವಸ್ಥಾನಕ್ಕೆ ಹರಕೆಯನ್ನೂ ಹೊತ್ತಿದ್ದಳು.

ಒಂದು ವೀರ್ಯಾಣು ತಯಾರಾಗಲು ಸುಮಾರು 72ರಿಂದ 74 ದಿನ ಬೇಕು. ಇವತ್ತು ಬಿಟ್ಟ ಸಿಗರೇಟು, ಗುಟ್ಕಾ, ಕುಡಿತದ ಲಾಭ ಕಾಣುವುದು ಎರಡೂವರೆ ಮೂರು ತಿಂಗಳಾದ ಮೇಲೆ. ಗಂಡನಿಗೂ ನಾನು ಮೂರು ತಿಂಗಳ ಗಡುವನ್ನೇ ಹೇಳುವುದು ಇದಕ್ಕಾಗಿ.

ಇಷ್ಟೆಲ್ಲ ಆದ ಮೇಲೆ ಎಷ್ಟು ಕಾಲ ಕಾಯಬೇಕು? ಯಾವ ಮುಟ್ಟಿನ ಚಕ್ರದಲ್ಲಾದರೂ ಗರ್ಭ ಕಟ್ಟಬಲ್ಲ ದಿನಗಳು ಸುಮಾರು ಆರು, ಅಂಡ ಬಿಡುಗಡೆಗೆ ಮೊದಲಿನ ಐದು ದಿನ ಮತ್ತು ಆ ದಿನ. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಹದಿನಾಲ್ಕು ದಿನ ಮೊದಲು, ಆದ್ದರಿಂದ 35 ದಿನದ ಚಕ್ರದವರು ಎಲ್ಲೋ ಓದಿ 14ನೇ ದಿನಕ್ಕೆ ಕಾದರೆ ಒಂದು ವಾರ ಮುಂಚೆಯೇ ಕಾದಂತೆ. ಐದರಲ್ಲಿ ನಾಲ್ಕು ಜೋಡಿಗಳಿಗೆ ಒಂದು ವರ್ಷದೊಳಗೆ ತಾನಾಗಿಯೇ ಗರ್ಭ ನಿಲ್ಲುತ್ತದೆ. ಹೆಂಡತಿಗೆ 35 ತುಂಬದಿದ್ದರೆ ಒಂದು ವರ್ಷ, ತುಂಬಿದ್ದರೆ ಆರು ತಿಂಗಳು ನೋಡಿ ಚಿಕಿತ್ಸೆಯ ಮಾತಿಗೆ ಬರಬೇಕು. ನಲವತ್ತು ದಾಟಿದ್ದರೆ, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದ್ದರೆ ಕಾಯುವುದೇ ಬೇಡ. ಮದುವೆಯಾಗಿ ನಾಲ್ಕು ತಿಂಗಳಿಗೇ ಐವಿಎಫ್ ಕೇಂದ್ರದ ಪಾಂಪ್ಲೆಟ್ ಹಿಡಿದು ಬರುವವರನ್ನು ನಾನು ಮನೆಗೆ ಕಳಿಸುತ್ತೇನೆ.

ಬರುವಾಗ ಇಬ್ಬರೂ ನುಂಗುವ ಮಾತ್ರೆಗಳನ್ನು, ಆಯುರ್ವೇದದ ಪುಡಿ, ಜಿಮ್ಮಿನ ಡಬ್ಬಿ ಸೇರಿ, ಒಂದು ಕವರಿನಲ್ಲಿ ಹಾಕಿಕೊಂಡು ತನ್ನಿ. ಹೆಸರು ಬರೆದುಕೊಂಡು ಬಂದರೆ ಒಂದಾದರೂ ಬಿಟ್ಟುಹೋಗಿರುತ್ತದೆ. ಹಳೆಯ ಗರ್ಭಪಾತದ ಚೀಟಿ, ಸ್ಕ್ಯಾನ್ ಏನಿದ್ದರೂ ಇರಲಿ. ರಕ್ತದ ಗುಂಪು ಮೊದಲೇ ಗೊತ್ತಿದ್ದರೆ ಒಳ್ಳೆಯದು. ನಾನು ಮೇಲೆ ಹೇಳಿದ ರಕ್ತಪರೀಕ್ಷೆಗಳಿಗೆ ಉಪವಾಸವಿರಬೇಕಾಗಿಲ್ಲ, ತಿಂಡಿ ತಿಂದುಕೊಂಡೇ ಬನ್ನಿ.