ಊರಿನ ಸುದ್ದಿ, ಕಲ್ಲಿನ ಮೇಲೆ

ಬೆಳಗ್ಗೆಯಿಂದ ಜಡಿಮಳೆ. ನಮ್ಮ ಮಂಗಳೂರಿನ ಪಂಪ್‌ವೆಲ್‌ನಲ್ಲಿ ನೀರು ನಿಂತಿದೆ ಅಂತ ಗ್ರೂಪಿನಲ್ಲಿ ವಿಡಿಯೋ ಮೇಲೆ ವಿಡಿಯೋ. ಅದರಲ್ಲೊಂದು ಹೋದ ವರ್ಷದ್ದು ಮಾರಾಯ್ರೆ, ಹಿಂದೆ ಕಾಣುವ ಬ್ಯಾನರ್ ನೋಡಿದರೇ ಗೊತ್ತಾಗುತ್ತದೆ!

ಇವತ್ತು ಜುಲೈ 1, ಪತ್ರಿಕಾ ದಿನ. 1843ರಲ್ಲಿ ಇದೇ ದಿನ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದು ನಮ್ಮೂರಿನಿಂದಲೇ. ಹದಿನೈದು ದಿನಕ್ಕೊಮ್ಮೆ, ನಾಲ್ಕೇ ಪುಟ. ಸಂಪಾದಕರು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹರ್ಮನ್ ಮೋಗ್ಲಿಂಗ್. ಊರಿನ ವರ್ತಮಾನವೂ ಇತ್ತು, ಸರಕಾರದ ಆಜ್ಞೆಗಳೂ ಇದ್ದವು. ಅಚ್ಚುಮೊಳೆ ಜೋಡಿಸಿದ್ದಲ್ಲ, ಕಲ್ಲಚ್ಚು. ಜಿಡ್ಡಿನ ಶಾಯಿಯ ಬರಹವನ್ನು ಕಲ್ಲಿಗೆ ಇಳಿಸಿ, ಕಲ್ಲನ್ನು ಒದ್ದೆ ಮಾಡಿ, ಮೇಲೆ ಮಸಿ ಉರುಳಿಸಬೇಕು. ನೀರಿದ್ದಲ್ಲಿ ಮಸಿ ನಿಲ್ಲುವುದಿಲ್ಲ, ಅಕ್ಷರಕ್ಕಷ್ಟೇ ಅಂಟುತ್ತದೆ. ಅಷ್ಟು ಪಾಡುಪಟ್ಟು ಅಚ್ಚು ಹಾಕುವವರು ಹಳೆ ಸುದ್ದಿಯನ್ನು ಮತ್ತೆ ತಳ್ಳಲಿಕ್ಕಿಲ್ಲ ಅನ್ನಿಸಿತು. ಅಲ್ಲ, ಈ ಮಳೆಗಾಲದಲ್ಲಿ ಹಾಳೆ ಒಣಗಿಸಿದ್ದಾದರೂ ಹೇಗೆ? ನಮ್ಮಲ್ಲಿ ಬನಿಯನ್ನೇ ಒಣಗುವುದಿಲ್ಲ.

ಮರುವರ್ಷವೇ ಪತ್ರಿಕೆ ಬಳ್ಳಾರಿಗೆ ಹೋಯಿತು, ಹೆಸರು ‘ಕನ್ನಡ ಸಮಾಚಾರ’ ಅಂತಾಯಿತು. ಇಷ್ಟು ವರ್ಷದ ನಂತರವೂ ನನಗೆ ಇದರಲ್ಲಿ ಸ್ವಲ್ಪ ಹೊಟ್ಟೆಯುರಿ. ಬಳ್ಳಾರಿ ಕಡೆಯವರು ಬೇಜಾರು ಮಾಡಬೇಡಿ.