ಕೇಪು ಚಿಟ್ ಅಂದ ರಾತ್ರಿ

ಈ ಸಲ ಅಡಿಕೆ ಕೊಯ್ಲು ಶುರುವಾಗುತ್ತಿದ್ದ ಹಾಗೇ ನಮ್ಮೂರ ಹುಡುಗರು ವಾಟ್ಸಾಪಿನಲ್ಲಿ ಒಂದು ಗ್ರೂಪ್ ಮಾಡಿದರು. ಅಡಿಕೆ ಕಳ್ಳರನ್ನು ಕಾಯುವ ರಾತ್ರಿ ಗಸ್ತಿಗೆ. ತೀರ್ಥಹಳ್ಳಿ ಕಡೆಯವರಿಗೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ವರ್ಷದ ದುಡಿಮೆಯನ್ನೆಲ್ಲ ಅಂಗಳದ ಅಟ್ಟದ ಮೇಲೆ ಹರವಿ, ನಾಯಿ ಬೊಗಳಿದಾಗಲೆಲ್ಲ ಎದ್ದು ಕೂತವರಿಗೆ ಅದು ಗೊತ್ತಿರುತ್ತದೆ.

ಮೊದಲ ದಿನವೇ ನನಗೊಂದು ಮೆಸೇಜು. "ಅಣ್ಣಾ, ನೀವು ಕೋವಿ ತಗೊಂಡು ಬನ್ನಿ, ಮುಂದೆ ನೀವೇ ನಡೀರಿ." ಬರ್ತೀನಿ, ಕೋವಿ ತರಲ್ಲ ಅಂದೆ. ಒಬ್ಬ ನಗುವ ಮುಖ ಹಾಕಿದ. ಇನ್ನೊಬ್ಬ, "ಹಂಗಾದ್ರೆ ಲೈಸೆನ್ಸ್ ಎಂತಕ್ಕೆ ಇಟ್ಕಂಡಿದ್ದು ಮಾರಾಯ್ರೆ?" ಅಂದ. ಅವನು ಕೇಳಿದ್ದು ಸರಿಯಾಗೇ ಇದೆ. ಆದರೆ ಅದಕ್ಕೆ ಉತ್ತರ ಗ್ರೂಪಿನಲ್ಲಿ ಟೈಪ್ ಮಾಡುವಂಥದ್ದಲ್ಲ.

ನಮ್ಮದು ಅಪ್ಪನ ಕಾಲದ ಕೇಪಿನ ಕೋವಿ. ನಳಿಗೆ ಬಾಯಿಂದ ಮದ್ದು, ನಾರು, ಚರೆ ಅಂದರೆ ಸಣ್ಣ ಗುಂಡು ತುಂಬಿ ಗಜದಲ್ಲಿ ಜಡಿಯಬೇಕು. ಆಮೇಲೆ ಕೇಪು, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಲೋಹದ ಟೊಪ್ಪಿ, ಸಿಕ್ಕಿಸಬೇಕು. ಲೈಸೆನ್ಸ್ ಇರುವುದು ಬೆಳೆ ರಕ್ಷಣೆಗೆ. 1959ರ ಆಯುಧ ಕಾಯ್ದೆಯಲ್ಲೇ ಇಂಥ ಕೋವಿಗೆ ಆ ಹೆಸರಲ್ಲಿ ಲೈಸೆನ್ಸ್ ಇದೆ. ಮಂಗ ಬಂದಾಗ ಆಕಾಶಕ್ಕೊಂದು ಈಡು ಹೊಡೆಯುವುದು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ರಸೀದಿ ತರುವುದು, ಇಷ್ಟೇ ಅದರ ಕೆಲಸ.

ಎಂಟು ವರ್ಷದ ಹಿಂದಿನ ಮಾತು. ಡಿಸೆಂಬರ್, ಇಬ್ಬನಿ ಅಂದ್ರೆ ಹೆಂಚಿನಿಂದ ಮಳೆ ಹಾಗೆ ತೊಟ್ಟಿಕ್ಕುತ್ತಿತ್ತು. ಎರಡು ಗಂಟೆ ಹೊತ್ತಿಗೆ ಅಟ್ಟದ ದಬ್ಬೆ ಕಿರ್ ಅಂತು. ಗೋಡೆಯ ಕೋವಿ ತೆಗೆದುಕೊಂಡು, ಕೇಪು ಸಿಕ್ಕಿಸಿ ಹೊರಗೆ ಬಂದೆ. ಇಬ್ಬರು. ಒಬ್ಬ ಆಗಲೇ ಬೇಲಿ ಬಾಗಿಲಿನ ಉಣುಗೋಲು ದಾಟಿದ್ದ. ಇನ್ನೊಬ್ಬ ಮೂಟೆ ಹೆಗಲಿಗೆ ಹಾಕಿಕೊಂಡು ಓಡುತ್ತಿದ್ದ. ನನಗೆ ಕಂಡಿದ್ದು ಅವನ ಬೆನ್ನು, ಬಿಳಿ ಮೂಟೆ, ಒಂದೇ ಕಾಲಿನಲ್ಲಿದ್ದ ಚಪ್ಪಲಿ. ಕಾಲಿಗೆ ಹೊಡೀತೀನಿ ಅಂದುಕೊಂಡು ಕೋವಿಯ ಕುದುರೆ ಎಳೆದೆ.

ಚಿಟ್ ಅಂತು. ಅಷ್ಟೇ. ಮಳೆಗಾಲದಲ್ಲಿ ಮಂಗನಿಗೆ ಅಂತ ತುಂಬಿಟ್ಟಿದ್ದ ಮದ್ದು ಥಂಡಿ ಹಿಡಿದಿತ್ತು.

ಬೆಳಿಗ್ಗೆ ಕಂಪ್ಲೇಂಟ್ ಕೊಟ್ಟೆ, ಕೋವಿ ವಿಷಯ ಎತ್ತಲಿಲ್ಲ. ಆ ಮೂಟೆಯಲ್ಲಿ ಇದ್ದಿದ್ದು ಹೆಚ್ಚೆಂದರೆ 40 ಕೆಜಿ. ಕತ್ತಲಲ್ಲಿ ಓಡುವವನ ಕಾಲಿಗೆ ಗುರಿ ಇಟ್ಟ ಚರೆ ಎಲ್ಲೆಲ್ಲಿ ಹೋಗುತ್ತದೆ ಅಂತ ಹಂದಿ ಬೇಟೆ ನೋಡಿದವರಿಗೆ ಹೇಳಬೇಕಾ?

ಆಮೇಲೆ ಪರಿಚಯದ ವಕೀಲರ ಹತ್ತಿರ, ಕಳ್ಳನಿಗೆ ಈಡು ಹೊಡೆದರೆ ಆತ್ಮರಕ್ಷಣೆಯ ಹಕ್ಕು ಅನ್ನಬಹುದಾ ಅಂತ ಸುಮ್ನೆ ಕೇಳುವ ಹಾಗೆ ಕೇಳಿದೆ. ಆಗ ಐಪಿಸಿ, ಅಂದರೆ ಹಳೇ ಭಾರತೀಯ ದಂಡ ಸಂಹಿತೆ ಇತ್ತು. 2024ರ ಜುಲೈ 1ರಿಂದ ಅದೇ ಮಾತು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳಲ್ಲಿದೆ. ಅವರು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳ್ತೀನಿ. ನಿನ್ನ ಜೀವಕ್ಕೆ ಕುತ್ತು ಬಂದರೆ, ಬೇರೆ ದಾರಿ ಇಲ್ಲದಿದ್ದರೆ, ಎದುರಿಗಿರುವವನ ಜೀವ ಹೋದರೂ ಕಾನೂನು ನಿನ್ನ ಕಡೆ ನಿಲ್ಲಬಹುದು. ರಾತ್ರಿ ಮನೆ ಮುರಿದು ಒಳಗೆ ನುಗ್ಗಿದವನ ವಿಷಯದಲ್ಲೂ, ದರೋಡೆಯಲ್ಲೂ ಹಾಗೆಯೇ. ಬರೀ ಕಳ್ಳತನಕ್ಕೆ ಆ ಹಕ್ಕಿಲ್ಲ. ಹಿಂದೆ ಓಡಬಹುದು, ಮೂಟೆ ಕಿತ್ತುಕೊಳ್ಳಬಹುದು, ತಳ್ಳಾಡಬಹುದು. ಕೊಲ್ಲುವ ಹಾಗಿಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಪೆಟ್ಟು ಕೊಡುವ ಹಾಗಿಲ್ಲ. ಪೊಲೀಸರನ್ನು ಕರೆಯಲು ಪುರುಸೊತ್ತು ಇದ್ದರೆ ಈ ಹಕ್ಕೇ ಇಲ್ಲ. ನನಗೆ ಬೆನ್ನು ಹಾಕಿ ಓಡುತ್ತಿದ್ದವನಿಂದ ನನ್ನ ಜೀವಕ್ಕೆ ಎಂಥ ಕುತ್ತು? ಆ ರಾತ್ರಿ ನನ್ನನ್ನು ಜೈಲಿನಿಂದ ಉಳಿಸಿದ್ದು ನನ್ನ ವಿವೇಕ ಅಲ್ಲ, ಮಲೆನಾಡಿನ ಥಂಡಿ.

112ಕ್ಕೆ ಫೋನ್ ಮಾಡಿದರೆ ಜೀಪು ನಮ್ಮ ಮೂಲೆಗೆ ಬರುವಷ್ಟರಲ್ಲಿ ಕಳ್ಳ ಘಾಟಿ ಇಳಿದಿರುತ್ತಾನೆ, ಅದೂ ನಿಜ, ಸಿಗ್ನಲ್ ಸಿಕ್ಕಿದರೆ ತಾನೇ ಫೋನು. ಹುಡುಗರ ಸಿಟ್ಟು ಸುಳ್ಳಲ್ಲ. ಆದರೆ ಮನೆ ಬಾಗಿಲಲ್ಲಿ ನಿಂತು ಕಾಯುವುದೇ ಬೇರೆ, ರಸ್ತೆಗೆ ಇಳಿದು ಹುಡುಕುವುದೇ ಬೇರೆ.

ಅಮೆರಿಕದ ಜಾರ್ಜಿಯಾದಲ್ಲಿ 2020ರ ಫೆಬ್ರವರಿಯಲ್ಲಿ ಅಹ್ಮದ್ ಆರ್ಬೆರಿ ಅನ್ನುವ 25 ವರ್ಷದ ಕಪ್ಪು ಯುವಕ ಓಟಕ್ಕೆ ಹೋಗಿದ್ದ. ಕಟ್ಟುತ್ತಿದ್ದ ಒಂದು ಮನೆಯೊಳಗೆ ಹೋಗಿ ನೋಡಿ, ಏನೂ ಮುಟ್ಟದೆ ಬಂದ. ಕಳ್ಳನಿರಬೇಕು ಅಂತ ಒಬ್ಬ ಅಪ್ಪ, ಅವನ ಮಗ ಬಂದೂಕು ಹಿಡಿದು ಪಿಕಪ್‌ನಲ್ಲಿ ಅಟ್ಟಿಸಿಕೊಂಡು ಹೋದರು. ನೆರೆಯವನೊಬ್ಬ ಇನ್ನೊಂದು ಗಾಡಿಯಲ್ಲಿ ಅಡ್ಡ ಹಾಕಿದ. ಕೊನೆಗೆ ಮಗ ಗುಂಡು ಹೊಡೆದ. ಆ ಅಪ್ಪ ಹಿಂದೆ ಪೊಲೀಸ್ ಕೆಲಸದಲ್ಲಿದ್ದವನು ಬೇರೆ. ಹಿಡಿಯಲು ಹೋಗಿದ್ದೆವು, ಅವನು ಬಂದೂಕಿಗೆ ಕೈ ಹಾಕಿದ, ಆತ್ಮರಕ್ಷಣೆ ಅಂತ ವಾದ. 2021ರ ನವೆಂಬರಿನಲ್ಲಿ ಮೂವರೂ ಕೊಲೆ ಅಪರಾಧಿಗಳು ಅಂತ ತೀರ್ಪಾಯಿತು. ಜನಸಾಮಾನ್ಯರೇ ಹಿಡಿಯಬಹುದು ಅಂತಿದ್ದ 1863ರ ಕಾನೂನನ್ನು ಆ ರಾಜ್ಯ ಅಷ್ಟರಲ್ಲಾಗಲೇ ತೆಗೆದುಹಾಕಿತ್ತು.

ನಮ್ಮಲ್ಲೂ ಸಾಮಾನ್ಯರು ಹಿಡಿಯಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್. ಆದರೆ ಜಾಮೀನು ಸಿಗದಂಥ, ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದಂಥ ಅಪರಾಧ ನಮ್ಮ ಕಣ್ಣೆದುರೇ ಆಗಿರಬೇಕು, ಇಲ್ಲವೇ ಅವನು ಕೋರ್ಟ್ ಘೋಷಿಸಿದ ಅಪರಾಧಿ ಆಗಿರಬೇಕು. ಹಿಡಿದವನನ್ನು ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅನುಮಾನ ಬಂತು ಅನ್ನುವುದು ಇದರಲ್ಲಿ ಎಲ್ಲೂ ಇಲ್ಲ.

ಗಸ್ತಿನ ಮೂರನೇ ರಾತ್ರಿ ಆಗಿದ್ದು ಅದೇ. ಸೇತುವೆ ಹತ್ತಿರ ಬೈಕ್ ತಳ್ಳಿಕೊಂಡು ಬರುತ್ತಿದ್ದ ಒಬ್ಬನನ್ನು ನಿಲ್ಲಿಸಿದರು. ಯಾವೂರು, ಯಾರ ಪೈಕಿ, ಆಧಾರ್ ತೋರಿಸು. ಒಬ್ಬ ಅವನ ಮೊಬೈಲ್ ಕಿತ್ತುಕೊಂಡು ಫೋಟೋ ಒಂದೊಂದೇ ನೋಡಿದ. ನಾನು ಹೋಗುವಷ್ಟರಲ್ಲಿ ಬಾಳೆ ಹಗ್ಗ ಬಂದಿತ್ತು. ಅವನು ಪಕ್ಕದೂರಿನ ಕೆರೆ ಹೂಳು ತೆಗೆಯುವ ಜೆಸಿಬಿ ಡ್ರೈವರ್, ಪೆಟ್ರೋಲ್ ಖಾಲಿಯಾಗಿತ್ತು. ಮೊಬೈಲ್ ವಾಪಸ್ ಕೊಡಿಸಿ, ನನ್ನ ಬೈಕಿನಿಂದ ಅರ್ಧ ಲೀಟರ್ ಇಳಿಸಿ ಕೊಟ್ಟೆ. ಅವನು ಥ್ಯಾಂಕ್ಸ್ ಅನ್ನಲಿಲ್ಲ. ಯಾಕೆ ಅನ್ನಬೇಕು? ಅಲ್ಲಿ ಕೋವಿ ಇದ್ದಿದ್ದರೆ ಅವನು ಓಡುತ್ತಿದ್ದ. ಓಡಿದ್ದರೆ?

ಗಸ್ತಿಗೆ ಈಗಲೂ ಹೋಗ್ತೀನಿ, ಬ್ಯಾಟರಿ, ಸೀಟಿ ಹಿಡಿದುಕೊಂಡು. ಕೋವಿಯ ಮದ್ದು ಖಾಲಿ ಮಾಡಿ, ಒರೆಸಿ ಗೋಡೆಗೆ ಹಾಕಿದ್ದೇನೆ. ಕೇಪಿನ ಡಬ್ಬಿ ಅಮ್ಮನಿಗೆ ಕೊಟ್ಟಿದ್ದೇನೆ. ಎಲ್ಲಿಟ್ಟಿದ್ದಾಳೋ ಕೇಳಿಲ್ಲ. ಅವಳಿಗೆ ಕನ್ನಡಕ ಹುಡುಕೋಕೇ ಅರ್ಧ ಗಂಟೆ ಬೇಕು.