ವ್ಯಾಂಕೂವರ್‌ನಲ್ಲಿ ಎಚ್-1ಬಿ ಸ್ಟಾಂಪಿಂಗ್, ಮತ್ತು ಮುಚ್ಚಿಹೋದ ಆ ದಾರಿ

ಅಮೆರಿಕದಲ್ಲಿ ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಕೆಲಸ ಮಾಡುವವರ ಮನೆಯಲ್ಲಿ ಊರಿಗೆ ಹೋಗುವ ಮಾತು ಬಂತೆಂದರೆ ಮೊದಲು ಏಳುವ ಪ್ರಶ್ನೆ ಒಂದೇ. ಸ್ಟಾಂಪಿಂಗ್ ಆಗಿದೆಯಾ, ಅಂದರೆ ಪಾಸ್‌ಪೋರ್ಟ್‌ನಲ್ಲಿ ಹೊಸ ವೀಸಾ ಅಂಟಿಸಿಕೊಂಡಾಗಿದೆಯಾ? ರಜೆ, ಟಿಕೆಟ್, ಮಕ್ಕಳ ಶಾಲೆ ಎಲ್ಲಾ ಆಮೇಲೆ.

ಊರಲ್ಲಿರುವವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟ. ನಮ್ಮಮ್ಮ ಫೋನಿನಲ್ಲಿ ಎಷ್ಟೋ ಸಲ ಕೇಳಿದ್ದಾರೆ, "ಕೆಲಸ ಇದೆ, ಸಂಬಳ ಬರ್ತಿದೆ, ಅಲ್ಲೇ ಇದ್ದೀಯ, ಆದ್ರೂ ವೀಸಾ ಇಲ್ಲ ಅಂತೀಯಲ್ಲ, ಏನೋ ಅದು?" ವಿಷಯ ಇಷ್ಟು. ಒಳಗೆ ಇದ್ದುಕೊಂಡು ಕೆಲಸ ಮಾಡುವುದಕ್ಕೆ ಬೇಕಾಗಿರುವುದು ಐ-797 ಅನ್ನುವ ಮಂಜೂರಾತಿ ಪತ್ರ ಮತ್ತು ಎಲ್ಲಿಯವರೆಗೆ ಇರಬಹುದು ಅಂತ ತಾರೀಖು ಹಾಕಿದ ಐ-94 ಅನ್ನುವ ದಾಖಲೆ. ಹೊರಗಿನಿಂದ ಬಂದು ಬಾಗಿಲು ತಟ್ಟುವುದಕ್ಕೆ ಬೇಕಾಗಿರುವುದು ಪಾಸ್‌ಪೋರ್ಟ್‌ನಲ್ಲಿ ಅಂಟಿಸುವ ವೀಸಾ. ಒಳಗೆ ಇರುವಷ್ಟು ದಿನ ಆ ವೀಸಾದ ಅವಧಿ ಮುಗಿದರೂ ಏನೂ ಆಗುವುದಿಲ್ಲ. ಒಂದು ಸಲ ಹೊರಗೆ ಕಾಲಿಟ್ಟರೆ ಮಾತ್ರ ಹೊಸದು ಬೇಕು. ನಾನು ಇಲ್ಲಿಗೆ ಓದಲು ಬಂದವನು. ಆಮೇಲೆ ಎಚ್-1ಬಿಗೆ ಆಯ್ಕೆ ಮಾಡುವ ಲಾಟರಿಯಲ್ಲಿ ಹೆಸರು ಬಂದು, ಇಲ್ಲಿದ್ದುಕೊಂಡೇ ಎಚ್-1ಬಿಗೆ ಬದಲಾದೆ. ಹಾಗಾಗಿ ಪಾಸ್‌ಪೋರ್ಟ್‌ನಲ್ಲಿ ಇದ್ದದ್ದು ಅವಧಿ ಮುಗಿದ ಸ್ಟೂಡೆಂಟ್ ವೀಸಾ ಒಂದೇ.

ಹಿಂದೆ ಇಲ್ಲಿಂದಲೇ ಪಾಸ್‌ಪೋರ್ಟ್ ಕಳಿಸಿ ಕೆಲಸದ ವೀಸಾ ನವೀಕರಿಸಿಕೊಳ್ಳಬಹುದಿತ್ತು. ಅರ್ಜಿ ಹಾಕುವವರ ಬೆರಳಚ್ಚು ಕಡ್ಡಾಯ ಅಂತಾದ ಮೇಲೆ 2004ರ ಜುಲೈನಲ್ಲಿ ಅದನ್ನು ನಿಲ್ಲಿಸಿದರು. ಅಲ್ಲಿಂದ ಮುಂದೆ ಎಲ್ಲರೂ ದೇಶದಿಂದ ಹೊರಗೆ ಹೋಗಿಯೇ ಸ್ಟಾಂಪ್ ಹಾಕಿಸಿಕೊಂಡು ಬರಬೇಕು. ಕರ್ನಾಟಕದವರಾದರೆ ಚೆನ್ನೈಗೋ ಹೈದರಾಬಾದ್‌ಗೋ ಹೋಗಬೇಕು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯ್ತು, ಆದರೆ ವೀಸಾ ಕೌಂಟರ್ ಅದರ ಜೊತೆಗೆ ಬರಲಿಲ್ಲ.

ತೀರ್ಥಹಳ್ಳಿಯಲ್ಲಿರುವ ಅಪ್ಪನಿಗೆ 2023ರಲ್ಲಿ ಬೈಪಾಸ್ ಆಯ್ತು. ಆಗ ನಾನು ಹೋಗಲಿಲ್ಲ. ಹೋದರೆ ಚೆನ್ನೈಯಲ್ಲಿ ವೀಸಾ ಸಂದರ್ಶನದ ಸ್ಲಾಟ್ ಸಿಗುವವರೆಗೆ ವಾಪಸ್ ಬರುವ ಹಾಗಿಲ್ಲ, ಕಂಪನಿಯಲ್ಲಿ ಅಷ್ಟು ದಿನ ರಜೆ ಇಲ್ಲ, ಹೆಂಡತಿಯ ವೀಸಾ ನನ್ನದರ ಮೇಲೇ ನಿಂತಿದೆ. ಅಣ್ಣ ಆಸ್ಪತ್ರೆಯಲ್ಲಿ ಇದ್ದ, ಎಲ್ಲಾ ನೋಡಿಕೊಂಡ. ಆದರೆ ಅಪ್ಪ ಐಸಿಯುನಿಂದ ಹೊರಗೆ ಬಂದ ದಿನ ವಿಡಿಯೋ ಕಾಲ್‌ನಲ್ಲಿ ನನ್ನ ಮುಖ ನೋಡಿ, "ಕೆಲಸ ಹೇಗಿದೆ" ಅಂತ ಕೇಳಿದರಲ್ಲ, ಅವತ್ತು ರಾತ್ರಿಯೇ ಕೆನಡಾದ ಸ್ಲಾಟ್ ಹುಡುಕಲು ಕೂತೆ. ಭಾರತಕ್ಕೆ ಹೋಗದೆ, ಕೆನಡಾದಲ್ಲಿರುವ ಅಮೆರಿಕದ ಕಾನ್ಸುಲೇಟ್‌ನಲ್ಲೂ ಆಗ ಸ್ಟಾಂಪ್ ಹಾಕಿಸಿಕೊಳ್ಳಬಹುದಿತ್ತು. ಮುಂದಿನ ಸಲ ಫೋನ್ ಬಂದರೆ ಆ ಕ್ಷಣವೇ ಹೊರಡುವ ಹಾಗಿರಬೇಕು ಅನ್ನುವುದೊಂದೇ ತಲೆಯಲ್ಲಿತ್ತು.

ನಾವಿರುವುದು ಸಿಯಾಟಲ್ ಹತ್ತಿರ. ವ್ಯಾಂಕೂವರ್ ಸುಮಾರು 230 ಕಿಲೋಮೀಟರ್, ಐ-5 ಹೆದ್ದಾರಿ ಹಿಡಿದು ನೆಟ್ಟಗೆ ಉತ್ತರಕ್ಕೆ ಹೋದರೆ ಆಯ್ತು. ಆದರೆ ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಕೆನಡಾಕ್ಕೂ ವೀಸಾ ಬೇಕು. ಅಂದರೆ ಒಂದು ವೀಸಾ ಪಡೆಯಲು ಮೊದಲು ಇನ್ನೊಂದು ವೀಸಾ. ಅದಕ್ಕೆ 100 ಕೆನಡಿಯನ್ ಡಾಲರ್, ಬೆರಳಚ್ಚಿಗೆ ಮತ್ತೆ 85. ಬೆರಳಚ್ಚನ್ನು ಅಮೆರಿಕದ ಇಮಿಗ್ರೇಷನ್ ಇಲಾಖೆಯ ಕೇಂದ್ರದಲ್ಲೇ ಕೊಡಬಹುದು, ಅದೊಂದು ಅನುಕೂಲ. ಕೆನಡಾದ ವೀಸಾ ಬಂದ ಮೇಲೆ ಅಮೆರಿಕದ ವೀಸಾಗೆ ಡಿಎಸ್-160 ಅನ್ನುವ ಅರ್ಜಿ ಫಾರಂ ತುಂಬಿ, 205 ಡಾಲರ್ ಶುಲ್ಕ ಕಟ್ಟಿ, ಸ್ಲಾಟ್‌ಗೆ ಕಾಯಬೇಕಿತ್ತು. ವ್ಯಾಂಕೂವರ್, ಕ್ಯಾಲ್ಗರಿ, ಟೊರಾಂಟೊ, ಆಟವಾ, ಯಾವುದು ಸಿಕ್ಕರೆ ಅದು. ಮೆಕ್ಸಿಕೊಗೆ ಹೋಗುವವರೂ ಬಹಳ ಜನ ಇದ್ದರು, ಟೆಕ್ಸಸ್ ಮತ್ತು ಕ್ಯಾಲಿಫೋರ್ನಿಯಾದ ಕಡೆಯವರಿಗೆ ಅದೇ ಹತ್ತಿರ. ಯಾರೋ ರದ್ದು ಮಾಡಿದ ಸ್ಲಾಟ್ ನಡುರಾತ್ರಿ ಕಾಣಿಸಿತು, ಅದನ್ನು ಹಿಡಿದುಬಿಟ್ಟೆ.

ಹೊರಡುವ ಮೊದಲು ಹೆಂಡತಿಯ ಜೊತೆ ಕೂತು ಒಂದು ವಿಷಯ ಸ್ಪಷ್ಟವಾಗಿ ಮಾತಾಡಿಕೊಂಡೆವು, ಯಾಕೆಂದರೆ ಇದನ್ನು ತಿಳಿಯದೆ ಹೋದವರು ಬಹಳ ಕಷ್ಟಪಟ್ಟಿದ್ದಾರೆ. ಅವಧಿ ಮುಗಿದ ವೀಸಾ ಇಟ್ಟುಕೊಂಡು ಕೆನಡಾ ಅಥವಾ ಮೆಕ್ಸಿಕೊಗೆ 30 ದಿನದೊಳಗೆ ಹೋಗಿ ಬರುವುದಕ್ಕೆ ಒಂದು ನಿಯಮ ಇದೆ. ಐ-94 ಚಾಲ್ತಿಯಲ್ಲಿದ್ದರೆ ಸಾಕು, ಹೊಸ ಸ್ಟಾಂಪ್ ಇಲ್ಲದೆಯೇ ವಾಪಸ್ ಬಿಡುತ್ತಾರೆ. ನಯಾಗರಾ ನೋಡಲು ಆ ಕಡೆಗೆ ಹೋಗಿ ಬರುವವರು ಹೀಗೆಯೇ ಬರುವುದು. ಆದರೆ ಅಲ್ಲಿ ಕಾನ್ಸುಲೇಟ್‌ನಲ್ಲಿ ಹೊಸ ವೀಸಾಗೆ ಅರ್ಜಿ ಹಾಕಿದ ಕ್ಷಣ ಈ ಅನುಕೂಲ ಹೋಯಿತು. ವೀಸಾ ಕೈಗೆ ಬರುವವರೆಗೆ, ಅಥವಾ ತಿರಸ್ಕಾರ ಆದರೆ, ಅಮೆರಿಕದ ಮನೆಗೆ ವಾಪಸ್ ಬರುವ ಹಾಗಿಲ್ಲ. ಮನೆ, ಕಾರು, ಮಗುವಿನ ಡೇಕೇರ್ ಎಲ್ಲಾ ಇಲ್ಲಿ, ನಾವು ಮಾತ್ರ ಅಲ್ಲಿ. ಮಗಳು ಇಲ್ಲೇ ಹುಟ್ಟಿದವಳು, ಅವಳದು ಅಮೆರಿಕದ ಪಾಸ್‌ಪೋರ್ಟ್. ಮನೆಯಲ್ಲಿ ಯಾವ ತಡೆಯೂ ಇಲ್ಲದೆ ಗಡಿ ದಾಟಬಲ್ಲವಳು ಮೂರು ವರ್ಷದ ಅವಳೊಬ್ಬಳೇ.

ಕಾನ್ಸುಲೇಟ್ ಇರುವುದು ವ್ಯಾಂಕೂವರ್ ಪೇಟೆಯ ನಡುವೆ, ವೆಸ್ಟ್ ಪೆಂಡರ್ ರಸ್ತೆಯಲ್ಲಿ. ಬ್ಯಾಗು, ಲ್ಯಾಪ್‌ಟಾಪ್ ಯಾವುದನ್ನೂ ತರದೆ ಒಂದು ಪ್ಲಾಸ್ಟಿಕ್ ಫೋಲ್ಡರ್ ಹಿಡಿದು ಮಳೆಯಲ್ಲಿ ಸಾಲಿನಲ್ಲಿ ನಿಂತೆವು. ಐ-797ರ ಮೂಲ ಪ್ರತಿ, ಕಂಪನಿಯ ಪತ್ರ, ಸಂಬಳದ ಚೀಟಿಗಳು, ತೆರಿಗೆಯ ಡಬ್ಲ್ಯೂ-2, ಎರಡಿಂಚು ಚೌಕದ ಫೋಟೋ. ಮದುವೆ ಸರ್ಟಿಫಿಕೇಟನ್ನು ಹೆಂಡತಿ ಶರ್ಟಿನೊಳಗೆ ಇಟ್ಟುಕೊಂಡಿದ್ದಳು, ನೆನೆಯಬಾರದು ಅಂತ. ಮುಂದೆ ಇದ್ದವರು ತೆಲುಗು, ಹಿಂದೆ ಇದ್ದವರು ಮರಾಠಿ. ಎಲ್ಲರೂ ಪಕ್ಕದವರ ಫೋಲ್ಡರ್ ನೋಡಿ ತಮ್ಮದನ್ನು ಮತ್ತೊಮ್ಮೆ ತೆಗೆದು ಎಣಿಸುತ್ತಿದ್ದರು.

ಗಾಜಿನ ಆ ಕಡೆ ಇದ್ದ ಅಧಿಕಾರಿ ಕೇಳಿದ್ದು ನಾಲ್ಕೇ ಪ್ರಶ್ನೆ. ಯಾವ ಕಂಪನಿ, ಏನು ಕೆಲಸ, ಸಂಬಳ ಎಷ್ಟು, ಎಲ್ಲಿ ಓದಿದ್ದು. ಫೋಲ್ಡರ್‌ನಲ್ಲಿದ್ದ ಒಂದು ಹಾಳೆಯನ್ನೂ ಕೇಳಲಿಲ್ಲ, ಎಲ್ಲಾ ಅವರ ಕಂಪ್ಯೂಟರ್‌ನಲ್ಲೇ ಇತ್ತು. ಹೆಂಡತಿಗೆ ಮದುವೆ ಯಾವಾಗ ಆಯ್ತು ಅಂತ ಕೇಳಿದರು. ಟೈಪ್ ಮಾಡುತ್ತಲೇ ಇದ್ದರು. ನನ್ನ ಕಣ್ಣು ಅವರ ಕೈ ಪಕ್ಕದಲ್ಲಿದ್ದ ಬಣ್ಣದ ಚೀಟಿಗಳ ಮೇಲೇ ಇತ್ತು. ಅವರು ಅದನ್ನು ತೆಗೆದುಕೊಳ್ಳಲಿಲ್ಲ. ಪಾಸ್‌ಪೋರ್ಟ್‌ಗಳನ್ನು ಮಾತ್ರ ತಮ್ಮ ಕಡೆಗೆ ಎಳೆದುಕೊಂಡು, ವೀಸಾ ಅಪ್ರೂವ್ ಆಗಿದೆ ಅಂದರು. ಪಾಸ್‌ಪೋರ್ಟ್ ಇಟ್ಟುಕೊಂಡರೆ ಒಳ್ಳೆಯ ಸುದ್ದಿ, ಚೀಟಿ ಕೈಗೆ ಬಂದರೆ ಕಾಯುವ ಸುದ್ದಿ, ಇದು ಸ್ಟಾಂಪಿಂಗ್‌ಗೆ ಹೋಗುವವರಿಗೆಲ್ಲಾ ಗೊತ್ತು.

ಆ ಚೀಟಿಯ ಹೆಸರು 221(ಜಿ), ಇಮಿಗ್ರೇಷನ್ ಕಾಯ್ದೆಯ ಆ ಕಲಮಿನಿಂದ ಬಂದದ್ದು. ಇನ್ನಷ್ಟು ದಾಖಲೆ ಬೇಕು ಅಥವಾ ಇನ್ನಷ್ಟು ಪರಿಶೀಲನೆ ಆಗಬೇಕು ಅಂತ ಅರ್ಥ. ಎಷ್ಟು ದಿನ ಅಂತ ಯಾರೂ ಹೇಳುವುದಿಲ್ಲ. ನನ್ನ ಜೊತೆ ಓದಿದ ಹಾಸನದ ಗೆಳೆಯನೊಬ್ಬ ಕೆನಡಾದ ಬೇರೊಂದು ಊರಿನ ಕಾನ್ಸುಲೇಟ್‌ಗೆ ಹೋಗಿ ಈ ಚೀಟಿ ಹಿಡಿದುಕೊಂಡು ಬಂದ. ಅವನ ಸಂಶೋಧನೆಯ ವಿಷಯ ಭದ್ರತೆಯ ದೃಷ್ಟಿಯಿಂದ ಸೂಕ್ಷ್ಮ ಅಂತ ಅಮೆರಿಕ ಗುರುತಿಸಿದ ತಂತ್ರಜ್ಞಾನಗಳ ಪಟ್ಟಿಗೆ ಹತ್ತಿರದ್ದು, ಅದಕ್ಕೇ ಇರಬೇಕು. ಹೋಟೆಲಿನ ಖರ್ಚು ತಾಳಲಾರದೆ ಬಾಡಿಗೆಗೆ ಒಂದು ನೆಲಮಾಳಿಗೆ ಹಿಡಿದ. ಒಯ್ದದ್ದು ಎರಡು ಜೊತೆ ಬಟ್ಟೆ, ಅಷ್ಟರಲ್ಲಿ ಹಿಮ ಬೀಳಲು ಶುರುವಾಯ್ತು. ಗುರುತಿಲ್ಲದ ಕನ್ನಡದವರ ಮನೆಯಿಂದ ಅವನಿಗೆ ಜಾಕೆಟ್ ಬಂತು, ಭಾನುವಾರಗಳಲ್ಲಿ ಸಾರನ್ನ ಬಂತು. ಊರಿಗೆ ಹೋಗಿ ಸಿಕ್ಕಿಹಾಕಿಕೊಂಡರೆ ಕೊನೇಪಕ್ಷ ಅಮ್ಮನ ಮನೆಯಲ್ಲಿ ಇರಬಹುದು. ಕೆನಡಾದಲ್ಲಿ ಮನೆಯೂ ಇಲ್ಲ, ಅಲ್ಲಿ ಕೂತು ಕೆಲಸ ಮಾಡಬಹುದಾ ಅಂತ ಕಂಪನಿಯ ವಕೀಲರ ಕೈಯಲ್ಲಿ ಕೇಳಿಸಬೇಕು. ಕೆನಡಾ ದಾರಿಯ ಬಗ್ಗೆ ಸುಲಭ ಅಂತ ಹೇಳುವವರು ಈ ಭಾಗವನ್ನು ಹೇಳಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಆ ವರ್ಷವೇ ಕೆನಡಾ ಇನ್ನೊಂದು ಕೆಲಸ ಮಾಡಿತ್ತು. ಅಮೆರಿಕದ ಎಚ್-1ಬಿ ಇದ್ದವರಿಗೆ ಕೆನಡಾದಲ್ಲಿ ಯಾವ ಕಂಪನಿಯಲ್ಲಿ ಬೇಕಾದರೂ ಕೆಲಸ ಮಾಡುವ ಪರ್ಮಿಟ್ ಕೊಡುತ್ತೇವೆ ಅಂತ 2023ರ ಜುಲೈ 16ರಂದು ಅರ್ಜಿ ಕರೆದರು. ಮಿತಿ 10,000. ಎರಡು ದಿನದೊಳಗೆ ಭರ್ತಿ. ಜನ ಎಷ್ಟು ಬೇಸತ್ತಿದ್ದರು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ನಮ್ಮ ಪಾಸ್‌ಪೋರ್ಟ್ ವಾರ ಕಳೆಯುವ ಮೊದಲೇ ಬಂತು. ವಾಪಸ್ ಬರುವಾಗ ಪೀಸ್ ಆರ್ಚ್ ಗಡಿಯಲ್ಲಿ ಕಾರು ನಿಲ್ಲಿಸಿ ಒಳಗೆ ಹೋಗಿ ಹೊಸ ಐ-94 ಮಾಡಿಸಿಕೊಂಡೆವು, ಆಗ ತಲಾ 6 ಡಾಲರ್. ಇಲ್ಲಿ ಒಂದು ಮಾತು. ಐ-94ರಲ್ಲಿ ಹಾಕಿದ ತಾರೀಖನ್ನು ಅಲ್ಲೇ ನಿಂತು ಓದಿ. ಪಾಸ್‌ಪೋರ್ಟ್‌ನ ಅವಧಿ ಐ-797ಕ್ಕಿಂತ ಮೊದಲೇ ಮುಗಿಯುವಂತಿದ್ದರೆ ಪಾಸ್‌ಪೋರ್ಟ್‌ನ ತಾರೀಖನ್ನೇ ಹಾಕಿಬಿಡುತ್ತಾರೆ, ಅದನ್ನು ಗಮನಿಸದೆ ಆ ದಿನ ದಾಟಿದರೆ ದೊಡ್ಡ ತೊಂದರೆ.

ಆಮೇಲಿನ ಚಳಿಗಾಲದಲ್ಲಿ ತೀರ್ಥಹಳ್ಳಿಗೆ ಹೋಗಿ ಬಂದೆ. ಯಾವ ಸ್ಲಾಟ್ ಇಲ್ಲ, ಚೆನ್ನೈಗೆ ಬಸ್ಸಿಲ್ಲ. ಅಪ್ಪನ ಜೊತೆ ಬೆಳಿಗ್ಗೆ ತುಂಗೆಯ ದಡದವರೆಗೆ ನಡೆದೆ, ಅವರಿಗೆ ಡಾಕ್ಟರ್ ಹೇಳಿದ ನಡಿಗೆ ಅದು. ಸ್ಟಾಂಪಿಂಗ್‌ನಿಂದ ನನಗೆ ಸಿಕ್ಕಿದ್ದು ಇದು.

ಈಗ ಆ ದಾರಿ ಇಲ್ಲ. 2025ರ ಸೆಪ್ಟೆಂಬರ್ 6ರಂದು ಅಮೆರಿಕದ ವಿದೇಶಾಂಗ ಇಲಾಖೆ ಹೊಸ ಸೂಚನೆ ಹೊರಡಿಸಿತು. ವಲಸೆಯೇತರ ವೀಸಾಗಳಿಗೆ ಅವರವರ ದೇಶದಲ್ಲೋ, ವಾಸವಿರುವ ದೇಶದಲ್ಲೋ ಅರ್ಜಿ ಹಾಕಬೇಕು. ನಾವು ವಾಸ ಇರುವುದು ಅಮೆರಿಕದಲ್ಲೇ, ಅಲ್ಲಿ ಸ್ಟಾಂಪ್ ಹಾಕುವುದಿಲ್ಲ, ಹಾಗಾಗಿ ಭಾರತ ಒಂದೇ ಉಳಿಯಿತು. ಸಂದರ್ಶನ ಇಲ್ಲದೆ ಡ್ರಾಪ್‌ಬಾಕ್ಸ್‌ನಲ್ಲಿ ಕೊಡುವ ಅನುಕೂಲವೂ ಅದೇ ತಿಂಗಳು ಎಚ್-1ಬಿಯವರಿಗೆ ಹೋಯಿತು. ಡಿಸೆಂಬರ್ 15ರಿಂದ ಸೋಷಿಯಲ್ ಮೀಡಿಯಾ ಪರಿಶೀಲನೆ ಸೇರಿಕೊಂಡು, ಭಾರತದಲ್ಲಿ ಆಗಲೇ ಸಿಕ್ಕಿದ್ದ ಎಷ್ಟೋ ಅಪಾಯಿಂಟ್‌ಮೆಂಟ್‌ಗಳನ್ನು 2026ರ ಮಾರ್ಚ್‌ಗೂ ಅದರಾಚೆಗೂ ತಳ್ಳಿದರು. ಆಗ ಊರಿಗೆ ಹೋಗಿದ್ದವರು ಅಲ್ಲೇ ಉಳಿದರು. ಇಲ್ಲಿದ್ದವರು ತಂಗಿಯ ಮದುವೆಯನ್ನೂ ಅಜ್ಜಿಯ ವೈಕುಂಠ ಸಮಾರಾಧನೆಯನ್ನೂ ಫೋನಿನಲ್ಲೇ ನೋಡುತ್ತಿದ್ದಾರೆ.

ಬೇರೆ ದಾರಿ ಇಲ್ಲವೇ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. 2024ರ ಜನವರಿ 29ರಿಂದ ಅಮೆರಿಕದೊಳಗೇ ಎಚ್-1ಬಿ ವೀಸಾ ನವೀಕರಿಸುವ ಪ್ರಯೋಗ ನಡೆಸಿದರು, 20,000 ಅರ್ಜಿಗಳವರೆಗೆ. ಭಾರತ ಮತ್ತು ಕೆನಡಾದಲ್ಲಿ ಕೆಲವು ನಿರ್ದಿಷ್ಟ ಅವಧಿಗಳಲ್ಲಿ ವೀಸಾ ಪಡೆದು, ಬೆರಳಚ್ಚು ಮೊದಲೇ ಕೊಟ್ಟಿದ್ದವರಿಗೆ ಮಾತ್ರ. ಪಾಸ್‌ಪೋರ್ಟ್ ಅಂಚೆಯಲ್ಲಿ ಹೋಯಿತು, ಸ್ಟಾಂಪ್ ಆಗಿ ಅಂಚೆಯಲ್ಲೇ ಬಂತು. ಮುಗಿದ ಮೇಲೆ ಅದನ್ನು ಮುಂದುವರಿಸಲಿಲ್ಲ. ಬೆರಳಚ್ಚು ಅವರ ಹತ್ತಿರ ಇದೆ, ತೆರಿಗೆಯ ಲೆಕ್ಕ ಇದೆ, ಹತ್ತು ವರ್ಷದಿಂದ ಇಲ್ಲೇ ಕೆಲಸ ಮಾಡಿದ ದಾಖಲೆ ಇದೆ. ಅದನ್ನು ಮತ್ತೆ ಶುರು ಮಾಡಿ ಅಂತ ಕೇಳಬೇಕಾದ್ದು ಕಂಪನಿಗಳು ಮತ್ತು ನಾವಿರುವ ಕ್ಷೇತ್ರಗಳ ಕಾಂಗ್ರೆಸ್ ಸದಸ್ಯರು, ಅಂದರೆ ಅಮೆರಿಕದ ಸಂಸದರು. ನಾನು ನಮ್ಮ ಸದಸ್ಯರ ಕಚೇರಿಗೆ ಬರೆದಿದ್ದೇನೆ, ನೀವೂ ಬರೆಯಿರಿ. ಓಟಿಲ್ಲದಿದ್ದರೂ ಆ ಕ್ಷೇತ್ರದಲ್ಲಿ ವಾಸ ಇರುವವರ ಪತ್ರ ತೆಗೆದುಕೊಳ್ಳುತ್ತಾರೆ.

ಅಲ್ಲಿಯವರೆಗೆ, ಊರಿಗೆ ಹೋಗಲೇಬೇಕು ಅನ್ನುವವರು ಟಿಕೆಟ್‌ಗಿಂತ ಮೊದಲು ಸ್ಲಾಟ್ ಮಾಡಿ. ಸ್ಲಾಟ್ ಮುಂದೆ ಹೋದರೆ ಭಾರತದಿಂದ ಕೆಲಸ ಮಾಡಲು ಬಿಡುತ್ತಾರಾ, ಎಷ್ಟು ದಿನ ಬಿಡುತ್ತಾರೆ ಅಂತ ಕಂಪನಿಯಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಇಲ್ಲಿನ ಮನೆಯ ಬೀಗದ ಕೈ ಒಬ್ಬ ಗೆಳೆಯನ ಹತ್ತಿರ ಇರಲಿ.